ಆಟ ಬಿಟ್ಟುಕೊಟ್ಟರು, ಖಾತೆ ಬಿಡಲಿಲ್ಲ

ಕಾಫಿ ಕೊಯ್ಲು ಮುಗಿದು, ಕರಿಮೆಣಸೂ ಒಣಗಿ, ಕೈಗೆ ಒಂದಿಷ್ಟು ದುಡ್ಡು ಬರುವ ಏಪ್ರಿಲ್ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆಯ ಮಾತು ಏಳುತ್ತದೆ. ಪರೀಕ್ಷೆಗಳು ಮುಗಿದಿರುತ್ತವೆ. ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಓದುವ ಅಣ್ಣ-ಅಕ್ಕಂದಿರು ರಜೆಗೆ ಬಂದಿರುತ್ತಾರೆ. ಅವರು ಮತ್ತೆ ಹೊರಟುಹೋದ ಮೇಲೂ ಜೊತೆಗೆ ಆಡಬೇಕು ಅನ್ನೋದು ಚಿಕ್ಕವರ ಆಸೆ. ಮಡಿಕೇರಿಯ ಒಂದು ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು ಇವತ್ತಿಗೂ ಕಾಡುತ್ತಿದೆ. ನಾಪೋಕ್ಲು ಕಡೆಯಿಂದ ಅಪ್ಪ, ಮಗಳು ಬಂದಿದ್ದರು. ಅಂಗಡಿಯವರು ವಿವರಿಸುತ್ತಿದ್ದರು: "ನೋಡಿ ಸರ್, ಸ್ಪೈಡರ್‌ಮ್ಯಾನ್, ಗಾಡ್ ಆಫ್ ವಾರ್ ಬೇಕಾದ್ರೆ ಪ್ಲೇಸ್ಟೇಷನ್ ತಗೊಳ್ಳಿ. ಕಾರ್ ರೇಸು, ಫೋರ್ಜಾ ಬೇಕಾದ್ರೆ ಎಕ್ಸ್‌ಬಾಕ್ಸ್." ಮಗಳು ಅಪ್ಪನ ತೋಳು ಹಿಡಿದು ಕೇಳಿದಳು: "ಪಪ್ಪಾ, ಪೊನ್ನಂಪೇಟೆ ಅಣ್ಣನ ಹತ್ರ ಎಕ್ಸ್‌ಬಾಕ್ಸ್ ಇದೆ. ನಾವು ಪ್ಲೇಸ್ಟೇಷನ್ ತಗೊಂಡ್ರೆ ಅವನ ಜೊತೆ ಫುಟ್‌ಬಾಲ್ ಆಡೋಕೆ ಆಗುತ್ತಾ?" ಅಂಗಡಿಯವರ ಉತ್ತರ ಒಂದೇ ಸಾಲಿನದು: "ಇಂಟರ್ನೆಟ್ ಇದ್ರೆ ಎಲ್ಲಾ ಆಗುತ್ತಮ್ಮ."

ಆ ಎರಡು ಉತ್ತರಗಳಲ್ಲಿ ಮೊದಲನೆಯದು ಹಳತಾಗಿದೆ. ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್‌ನದೇ ಆದ ಫೋರ್ಜಾ ಹೊರೈಜನ್ 5 ಏಪ್ರಿಲ್ 2025ರಲ್ಲಿ ಸೋನಿಯ ಪ್ಲೇಸ್ಟೇಷನ್ 5ಕ್ಕೇ (ಪಿಎಸ್5) ಬಂತು. ಎರಡನೆಯದು ಅರ್ಧ ಮಾತ್ರ ನಿಜ, ಮತ್ತು ಆ ಇನ್ನರ್ಧ ಗೊತ್ತಾಗುವುದು ದುಡ್ಡು ಕೊಟ್ಟು ಮನೆಗೆ ತಂದ ಮೇಲೆ. ಹುಡುಗಿ ಕೇಳಿದ್ದೇ ಸರಿಯಾದ ಪ್ರಶ್ನೆ. ಯಾವ ಆಟ ಯಾವ ಪೆಟ್ಟಿಗೆಯಲ್ಲಿ ಮಾತ್ರ ಸಿಗುತ್ತದೆ ಅನ್ನುವುದರ ಮೇಲೆ ನಡೆಯುತ್ತಿದ್ದ ಪೈಪೋಟಿ ಈಗ ಬೇರೆ ಕಡೆ ಹೊರಳಿದೆ. ಕಂಪನಿಗಳು ಆಟಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಿವೆ. ಬಿಡದೆ ಹಿಡಿದಿಟ್ಟಿರುವುದು ನಮ್ಮ ಖಾತೆಯನ್ನು, ಅದರಲ್ಲಿ ಕೊಂಡಿಟ್ಟ ಆಟಗಳನ್ನು, ಅದರೊಳಗೆ ಹಾಕಿದ ದುಡ್ಡನ್ನು. ಯಾವುದು ಬಿಟ್ಟಿದೆ, ಯಾವುದು ಬಿಟ್ಟಿಲ್ಲ ಎಂದು ನೋಡಿ ಕೊಳ್ಳಬೇಕಾದ ಕಾಲ ಇದು.

ಒಂದೇ ಕಡೆ ಮಾರಬೇಕೆಂಬ ಕರಾರು

ಎಕ್ಸ್‌ಕ್ಲೂಸಿವ್, ಅಂದರೆ ಒಂದು ಆಟ ಒಂದೇ ಕಂಪನಿಯ ಪೆಟ್ಟಿಗೆಯಲ್ಲಿ ಸಿಗುವುದು, ಅನ್ನುವುದನ್ನು ಬಿಗಿಯಾದ ವ್ಯಾಪಾರ ಮಾಡಿದ್ದು 1980ರ ದಶಕದ ನಿಂಟೆಂಡೊ. ಅಮೆರಿಕದಲ್ಲಿ ಅದರ ಕನ್ಸೋಲಿಗೆ ಆಟ ಮಾಡುವ ಪಬ್ಲಿಷರ್ ವರ್ಷಕ್ಕೆ ಐದೇ ಆಟ ತರಬಹುದಿತ್ತು. ಆಟ ತುಂಬಿದ ಕಾರ್ಟ್ರಿಜ್‌ಗಳ ತಯಾರಿಯೆಲ್ಲ ನಿಂಟೆಂಡೊ ಕೈಯಲ್ಲೇ, ಅದಕ್ಕೆ ದುಡ್ಡು ಮುಂಗಡ. ಆ ಆಟವನ್ನು ಎರಡು ವರ್ಷ ಬೇರೆ ಯಾವ ಕನ್ಸೋಲಿಗೂ ಕೊಡುವಂತಿಲ್ಲ. ಅನುಮತಿ ಇಲ್ಲದ ಕಾರ್ಟ್ರಿಜ್ ಓಡದಂತೆ ಒಳಗೆ ಒಂದು ಬೀಗದ ಚಿಪ್ ಬೇರೆ. ಪೂಲಿಂಗ್ ಕಾಲ ಕಂಡ ಹಿರಿಯ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಒಟ್ಟು ದಾಸ್ತಾನಿಗೆ, ಕೊಟ್ಟು, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಬರುವ ಹಣಕ್ಕೆ ಕಾಯಬೇಕಿತ್ತು, ತೊಂಬತ್ತರ ದಶಕದಲ್ಲಿ ಮುಕ್ತ ಮಾರಾಟ ಬರುವವರೆಗೆ. ಮಾರುವ ದಾರಿ ಒಂದೇ ಇದ್ದಾಗ ದಾರಿಯ ಒಡೆಯನೇ ಬೆಲೆ ಹೇಳುತ್ತಾನೆ.

ಆ ಕರಾರು ಸಡಿಲವಾದ ಮೇಲೆ ಪೈಪೋಟಿ ಬೇರೆ ರೂಪ ತಾಳಿತು. 1997ರಲ್ಲಿ ಫೈನಲ್ ಫ್ಯಾಂಟಸಿ 7 ನಿಂಟೆಂಡೊ ಬಿಟ್ಟು ಸೋನಿ ಕಡೆಗೆ ಹೋದದ್ದಕ್ಕೆ ಮುಖ್ಯ ಕಾರಣ ಜಾಗ. ನಿಂಟೆಂಡೊ 64ರ ಕಾರ್ಟ್ರಿಜ್ ಹೆಚ್ಚೆಂದರೆ 64 ಎಂಬಿ ಹಿಡಿಯುತ್ತಿತ್ತು, ಈ ಆಟಕ್ಕೆ ಮೂರು ಸಿಡಿ ಬೇಕಾಯಿತು. ಅಂದರೆ ಯಂತ್ರದ ರಚನೆಯೇ ಎಕ್ಸ್‌ಕ್ಲೂಸಿವ್ ತಂದುಕೊಟ್ಟಿತು. ಮೈಕ್ರೋಸಾಫ್ಟ್ ಹಿಡಿದದ್ದು ಇನ್ನೊಂದು ದಾರಿ: 2000ದಲ್ಲಿ ಬಂಗಿ ಸ್ಟುಡಿಯೊವನ್ನೇ ಕೊಂಡು, 2001ರ ನವೆಂಬರ್‌ನಲ್ಲಿ ಮೊದಲ ಎಕ್ಸ್‌ಬಾಕ್ಸ್ ಜೊತೆ ಹೇಲೊ ಬಿಡುಗಡೆ ಮಾಡಿತು. ಮೂರನೆಯ ದಾರಿ ಗಡುವಿನದು. ಸ್ಟುಡಿಯೊ ಕೊಳ್ಳದೆ, ಇಷ್ಟು ತಿಂಗಳು ನಮ್ಮಲ್ಲಿ ಮಾತ್ರ ಎಂದು ದುಡ್ಡು ಕೊಟ್ಟು ಕಾಯ್ದಿರಿಸುವುದು. ಫೈನಲ್ ಫ್ಯಾಂಟಸಿ 16 ಜೂನ್ 2023ರಲ್ಲಿ ಪಿಎಸ್5ಕ್ಕೆ ಬಂದು, ಪಿಸಿಗೆ ಸೆಪ್ಟೆಂಬರ್ 2024ರವರೆಗೆ ಕಾಯಿಸಿತು. ಕೊಳ್ಳುವವರು ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಗಡುವಿನ ಆಟಕ್ಕಾಗಿ ಐವತ್ತು ಸಾವಿರ ಸುರಿದು ಹೊಸ ಪೆಟ್ಟಿಗೆ ತರುವುದು ದುಡುಕು. ವರ್ಷ, ಒಂದೂವರೆ ವರ್ಷ ತಡೆದುಕೊಂಡರೆ ಅದೇ ಆಟ ಬೇರೆ ಕಡೆಯೂ ಬರಬಹುದು, ಅದೂ ಕಡಿಮೆ ಬೆಲೆಗೆ.

ಈ ಪದ್ಧತಿ ಅಲುಗಾಡಿದ್ದು ಖರ್ಚಿನಿಂದ. 2023ರಲ್ಲಿ ಅಮೆರಿಕದ ನ್ಯಾಯಾಲಯಕ್ಕೆ ಸಲ್ಲಿಸಿದ ಸೋನಿಯ ಕಾಗದಗಳಲ್ಲಿ ಕಪ್ಪು ಬಳಿದ ಸಾಲುಗಳ ಅಡಿಯ ಅಂಕಿಗಳು ಓದಲು ಸಿಕ್ಕಿಬಿಟ್ಟವು. ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ ತಗುಲಿದ ಖರ್ಚು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್. ಒಂದು ಪ್ರತಿಗೆ 60 ಡಾಲರ್, ಅದೂ ಪೂರ್ತಿ ಕೈಗೆ ಬಂತು ಅಂದುಕೊಂಡರೂ ಮೊದಲನೆಯ ಆಟದ ಖರ್ಚು ಹುಟ್ಟಲು ಸುಮಾರು 37 ಲಕ್ಷ ಪ್ರತಿ ಮಾರಾಟವಾಗಬೇಕು. ಆ ಆಟ ಮೂರೇ ದಿನಕ್ಕೆ 40 ಲಕ್ಷ ದಾಟಿತು, ಗೆದ್ದಿತು. ಆದರೆ ಎಲ್ಲ ಆಟಕ್ಕೂ ಆ ಭಾಗ್ಯ ಇರುವುದಿಲ್ಲ. ಒಂದೇ ಪೆಟ್ಟಿಗೆಯ ಗಿರಾಕಿಗಳಿಂದ ಅಷ್ಟು ಹಣ ಎತ್ತುವುದು ವರ್ಷ ವರ್ಷಕ್ಕೂ ಕಷ್ಟವಾದಾಗ ಸೋನಿ ತನ್ನ ಆಟಗಳನ್ನು ಪಿಸಿಗೆ ತರತೊಡಗಿತು: ಆಗಸ್ಟ್ 2020ರಲ್ಲಿ ಹೊರೈಜನ್ ಜೀರೊ ಡಾನ್, ಜನವರಿ 2022ರಲ್ಲಿ ಗಾಡ್ ಆಫ್ ವಾರ್, ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಪೈಡರ್‌ಮ್ಯಾನ್. ಫೆಬ್ರವರಿ 2024ರಲ್ಲಿ ಹೆಲ್‌ಡೈವರ್ಸ್ 2 ಪಿಎಸ್5 ಮತ್ತು ಪಿಸಿಗೆ ಒಂದೇ ದಿನ ಬಂತು, ಆಗಸ್ಟ್ 2025ರಲ್ಲಿ ಎಕ್ಸ್‌ಬಾಕ್ಸ್‌ಗೂ ಬಂತು. ಸೋನಿಯೇ ಪ್ರಕಟಿಸಿದ ಆಟ ಎಕ್ಸ್‌ಬಾಕ್ಸ್‌ನಲ್ಲಿ!

ಮೈಕ್ರೋಸಾಫ್ಟ್ ಇನ್ನೂ ದೂರ ಹೋಯಿತು. ಗೇಮ್ ಕಂಪನಿ ಬೆಥೆಸ್ಡಾದ ಒಡೆಯ ಸಂಸ್ಥೆಗೆ 750 ಕೋಟಿ ಡಾಲರ್, ಕಾಲ್ ಆಫ್ ಡ್ಯೂಟಿ ಆಟದ ಒಡೆಯ ಆಕ್ಟಿವಿಷನ್ ಬ್ಲಿಜಾರ್ಡ್‌ಗೆ 6,870 ಕೋಟಿ ಡಾಲರ್ ಸುರಿದು, ಅಕ್ಟೋಬರ್ 2023ರಲ್ಲಿ ಆ ಎರಡನೆಯ ವ್ಯವಹಾರ ಮುಗಿಸಿತು. ಇನ್ನು ಕಾಲ್ ಆಫ್ ಡ್ಯೂಟಿ ಎಕ್ಸ್‌ಬಾಕ್ಸ್ ಬಿಟ್ಟು ಬೇರೆಲ್ಲೂ ಸಿಗದು ಎಂದು ಹೆದರಿದವರೇ ಹೆಚ್ಚು. ಆದದ್ದು ತದ್ವಿರುದ್ಧ. ವ್ಯವಹಾರ ಮುಗಿಯುವ ಮೊದಲೇ ಸೋನಿ, ನಿಂಟೆಂಡೊ ಎರಡಕ್ಕೂ ಹತ್ತು ವರ್ಷದ ಒಪ್ಪಂದ ಬರೆದುಕೊಟ್ಟಿದ್ದರು. ಫೆಬ್ರವರಿ 2024ರಲ್ಲಿ ತಮ್ಮದೇ ನಾಲ್ಕು ಆಟಗಳನ್ನು ಎದುರಾಳಿ ಕನ್ಸೋಲುಗಳಿಗೂ ಕೊಡುವುದಾಗಿ ಹೇಳಿದರು. ಎಕ್ಸ್‌ಬಾಕ್ಸ್‌ಗೆ ಹೆಸರು ತಂದ ಹೇಲೊ ಕೂಡ ಪಿಎಸ್5ಕ್ಕೆ ಬರುತ್ತದೆ ಎಂದು ಅಕ್ಟೋಬರ್ 2025ರಲ್ಲಿ ಘೋಷಣೆಯಾಯಿತು. ಅಷ್ಟು ದುಡ್ಡು ಕೊಟ್ಟು ಕೊಂಡ ಮೇಲೆ ಅದನ್ನು ಚಿಕ್ಕ ಮಾರುಕಟ್ಟೆಯೊಳಗೆ ಕಟ್ಟಿಹಾಕಿದರೆ ಹಾಕಿದ ಬಂಡವಾಳ ಹುಟ್ಟುವುದಿಲ್ಲ.

ನಿಂಟೆಂಡೊ ಮಾತ್ರ ಇದ್ದಲ್ಲೇ ಇದೆ. ಮಾರಿಯೊ, ಜೆಲ್ಡಾ ಆಟಗಳನ್ನು ಇವತ್ತಿನ ಎದುರಾಳಿ ಕನ್ಸೋಲುಗಳಿಗೆ ಕೊಟ್ಟಿಲ್ಲ. ಭಾರತದಲ್ಲಿ ಅಧಿಕೃತ ಮಾರಾಟ ಇಲ್ಲದ ಕಾರಣ ನಮಗೆ ಸಿಗುವುದು ಹೊರಗಿನಿಂದ ತರಿಸಿದ ಸ್ವಿಚ್ ಎಂಬ ಅದರ ಕನ್ಸೋಲ್. ಅದಕ್ಕೆ ಕಂಪನಿಯ ವಾರಂಟಿ ಇಲ್ಲಿ ನಡೆಯದು, ಆನ್‌ಲೈನ್ ಅಂಗಡಿಗೆ ಬೇರೆ ದೇಶದ ಖಾತೆ ಮಾಡಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ಜಾಯ್‌ಸ್ಟಿಕ್ ಕೈಕೊಟ್ಟರೆ ಮಡಿಕೇರಿಯಲ್ಲಿ ಬಿಡಿಭಾಗ ಹುಡುಕುವ ಪಾಡು ಬೇರೆ.

ತಡೆದದ್ದು ತಂತ್ರಜ್ಞಾನ ಅಲ್ಲ, ಹಣದ ಹಾದಿ

ಬೇರೆ ಬೇರೆ ಯಂತ್ರದವರು ಒಟ್ಟಿಗೆ ಆಡುವ ಕ್ರಾಸ್‌ಪ್ಲೇ ಹೊಸ ಸಂಶೋಧನೆಯೇನೂ ಅಲ್ಲ. 2000ದಲ್ಲೇ ಡ್ರೀಮ್‌ಕಾಸ್ಟ್ ಎಂಬ ಕನ್ಸೋಲಿನಲ್ಲಿ ಕ್ವೇಕ್ 3 ಆಡುವವರು ಪಿಸಿಯವರ ಎದುರು ಇಳಿಯುತ್ತಿದ್ದರು. ಫೈನಲ್ ಫ್ಯಾಂಟಸಿ 11ರಲ್ಲಿ ಪಿಎಸ್2, ಪಿಸಿ, ಮುಂದೆ ಎಕ್ಸ್‌ಬಾಕ್ಸ್ 360 ಎಲ್ಲ ಒಂದೇ ಲೋಕದಲ್ಲಿದ್ದವು. ಇಂಥ ಆಟ ಹೆಚ್ಚಾಗಿ ನಡೆಯುವುದು ಪಬ್ಲಿಷರ್‌ನ ಸರ್ವರಿನಲ್ಲಿ. ಕನ್ಸೋಲ್ ಅಲ್ಲಿಗೆ ಬಟನ್ ಒತ್ತಿದ ಸುದ್ದಿ ಕಳಿಸುತ್ತದೆ, ಅಲ್ಲಿಂದ ಬಂದ ಸ್ಥಿತಿಯನ್ನು ಪರದೆಗೆ ತರುತ್ತದೆ. ಕಳಿಸಿದ ಪೆಟ್ಟಿಗೆಯ ಮೇಲೆ ಯಾವ ಕಂಪನಿಯ ಹೆಸರಿದ್ದರೂ ಸರ್ವರಿಗೆ ಒಂದೇ. ಸೆಪ್ಟೆಂಬರ್ 2017ರಲ್ಲಿ ಫೋರ್ಟ್‌ನೈಟ್‌ನ ಸೆಟ್ಟಿಂಗ್ ತಪ್ಪಿ ಕೆಲವು ಗಂಟೆ ಪಿಎಸ್4, ಎಕ್ಸ್‌ಬಾಕ್ಸ್ ಆಟಗಾರರು ಒಂದೇ ಪಂದ್ಯಕ್ಕೆ ಬಿದ್ದಾಗ ಇದು ಜಗತ್ತಿಗೇ ಕಂಡಿತು. ಎಲ್ಲ ಸರಿಯಾಗಿಯೇ ನಡೆಯಿತು. ಗೊತ್ತಾದ ಕೂಡಲೇ ಮುಚ್ಚಿದರು.

ಮುಂದಿನ ವರ್ಷ ಜೂನ್‌ನಲ್ಲಿ ಫೋರ್ಟ್‌ನೈಟ್ ಸ್ವಿಚ್‌ಗೆ ಬಂದಾಗ ಇನ್ನೊಂದು ಬೀಗ ಕಣ್ಣಿಗೆ ಬಿತ್ತು. ಒಮ್ಮೆ ಪಿಎಸ್4ಕ್ಕೆ ಜೋಡಿಸಿದ ಎಪಿಕ್ (ಆ ಆಟದ ಕಂಪನಿ) ಖಾತೆಯಿಂದ ಸ್ವಿಚ್‌ನಲ್ಲಿ ಒಳಗೆ ಹೋಗಲು ಆಗುತ್ತಿರಲಿಲ್ಲ. ಕೊಂಡ ವೇಷ, ಗೆದ್ದ ಮಟ್ಟ ಎಲ್ಲ ಅಲ್ಲೇ ಸಿಕ್ಕಿಬಿದ್ದಿತ್ತು. ಆಟಗಾರರ ಕೂಗು ಜೋರಾಗಿ, 26 ಸೆಪ್ಟೆಂಬರ್ 2018ರಂದು ಸೋನಿ ಬಾಗಿಲು ತೆರೆಯಿತು. ಹೇಗೆ ತೆರೆಯಿತು ಅನ್ನುವುದು ಹೊರಗೆ ಬಂದದ್ದು 2021ರಲ್ಲಿ, ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯ ದಾಖಲೆಗಳಲ್ಲಿ. ಅಲ್ಲಿದ್ದ ನಿಯಮವನ್ನು ಗಮನವಿಟ್ಟು ನೋಡಬೇಕು. ಒಂದು ಆಟದ ಒಟ್ಟು ಆದಾಯದಲ್ಲಿ ಪ್ಲೇಸ್ಟೇಷನ್ ಅಂಗಡಿಯ ಪಾಲನ್ನು, ಆಡಿದ ಒಟ್ಟು ಹೊತ್ತಿನಲ್ಲಿ ಪಿಎಸ್4ರ ಪಾಲಿನಿಂದ ಭಾಗಿಸಬೇಕು. ಯಾವುದಾದರೂ ತಿಂಗಳು ಉತ್ತರ 0.85ಕ್ಕಿಂತ ಕಡಿಮೆ ಬಂದರೆ ಪಬ್ಲಿಷರ್ ಸೋನಿಗೆ ಕಟ್ಟಿಕೊಡಬೇಕು. ಉದಾಹರಣೆಗೆ, ಜನ ನೂರಕ್ಕೆ ತೊಂಬತ್ತು ಪಾಲು ಹೊತ್ತು ಪಿಎಸ್4ರಲ್ಲಿ ಆಡಿ, ದುಡ್ಡು ಮಾತ್ರ ನೂರಕ್ಕೆ ಅರವತ್ತರಷ್ಟು ಅಲ್ಲಿ ಖರ್ಚು ಮಾಡಿದರೆ, ಅರವತ್ತನ್ನು ತೊಂಬತ್ತರಿಂದ ಭಾಗಿಸಿ 0.67. ಕಟ್ಟಬೇಕು.

ಕನ್ಸೋಲ್ ಅಂಗಡಿಯೊಳಗೆ ನಡೆಯುವ ಪ್ರತಿ ವ್ಯಾಪಾರದಲ್ಲೂ ಕಂಪನಿಗೆ ನೂರಕ್ಕೆ ಮೂವತ್ತರಷ್ಟು ಸಿಗುವುದು ವಾಡಿಕೆ. ಮಗು ನಮ್ಮ ಪೆಟ್ಟಿಗೆಯಲ್ಲಿ ಆಡಿ, ಮೊಬೈಲಿನಲ್ಲಿ ಕೊಂಡರೆ ಆ ಮೂವತ್ತು ತಪ್ಪುತ್ತದೆ ಎಂಬುದೇ ಇಡೀ ಜಗಳದ ಬೇರು. ಹೀಗೆ ನೋಡಿದರೆ ಇವತ್ತಿನ ಎಷ್ಟೋ ವಿಚಿತ್ರ ನಿಯಮಗಳಿಗೆ ಅರ್ಥ ಸಿಗುತ್ತದೆ. ಮೈನ್‌ಕ್ರಾಫ್ಟ್‌ನಲ್ಲಿ ಪ್ಲೇಸ್ಟೇಷನ್ ಮೇಲೆ ಕೊಂಡ ನಾಣ್ಯ ಅಲ್ಲೇ ಖರ್ಚಾಗಬೇಕು. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಪ್ಲೇಸ್ಟೇಷನ್‌ನಲ್ಲಿ ಕೊಂಡ ಹರಳು ಮೊಬೈಲಿನಲ್ಲಿ ಕಾಣಿಸದು. ಇಎ ಕಂಪನಿಯ ಫುಟ್‌ಬಾಲ್ ಆಟ ಇಎ ಎಫ್‌ಸಿಯ ಪಾಯಿಂಟು ಎಕ್ಸ್‌ಬಾಕ್ಸ್‌ನಿಂದ ಪ್ಲೇಸ್ಟೇಷನ್‌ಗೆ ಹೋಗದು. ಆಟಕ್ಕೆ ಗಡಿ ಇಲ್ಲ, ಅದರೊಳಗಿನ ದುಡ್ಡಿಗೆ ಇದೆ. ಅದಕ್ಕೇ ಮಕ್ಕಳಿಗೆ ಆಟದೊಳಗಿನ ನಾಣ್ಯ ಕೊಡಿಸುವುದಿದ್ದರೆ ಅವರು ಹೆಚ್ಚು ಆಡುವ ಯಂತ್ರ ಯಾವುದೋ ಅದರಲ್ಲೇ ಕೊಡಿಸಿ. ರಜೆಗೆ ಬಂದ ಅಣ್ಣನ ಫೋನಿನಲ್ಲಿ ಅವಸರಕ್ಕೆ ಕೊಳ್ಳುವುದು ಬೇಡ.

ಪೊನ್ನಂಪೇಟೆ ಅಣ್ಣನ ಜೊತೆ ಫುಟ್‌ಬಾಲ್

ಆ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರ: ಆಗುತ್ತದೆ, ಇಬ್ಬರದೂ ಒಂದೇ ತಲೆಮಾರಿನ ಯಂತ್ರವಾದರೆ. ಇಎಯ ಫುಟ್‌ಬಾಲ್ ಆಟಕ್ಕೆ ಕ್ರಾಸ್‌ಪ್ಲೇ ಬಂದದ್ದು ಅದರ ಹೆಸರು ಇನ್ನೂ ಫಿಫಾ ಎಂದಿದ್ದಾಗ, ಫಿಫಾ 23ರಿಂದ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್, ಪಿಸಿ ಒಂದು ಗುಂಪು. ಪಿಎಸ್4, ಎಕ್ಸ್‌ಬಾಕ್ಸ್ ಒನ್ ಇನ್ನೊಂದು. ಈ ಗುಂಪಿನಿಂದ ಆ ಗುಂಪಿಗೆ ದಾಟುವಂತಿಲ್ಲ. ಅಂದರೆ ಪಿಎಸ್5 ಇರುವವರು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಜೊತೆ ಆಡಬಹುದು, ಅದೇ ಸೋನಿಯ ಪಿಎಸ್4 ಜೊತೆ ಆಡಲಾಗದು. ಒಂದೇ ಕಂಪನಿಯದಲ್ಲವೇ ಎಂದು ಹಳೆಯ ಪಿಎಸ್4 ತರುವವರು ಸಿಕ್ಕಿಬೀಳುವುದು ಇಲ್ಲೇ.

ಕುಶಾಲನಗರದ ಒಂದು ಮನೆಯಲ್ಲಿ ಕಂಡದ್ದು ಇದಕ್ಕಿಂತ ಸೂಕ್ಷ್ಮ. ತಮ್ಮನ ಎದುರು ಪಿಎಸ್5, ಫೋನಿನ ಆ ಕಡೆ ಗೋಣಿಕೊಪ್ಪದಲ್ಲಿ ಸೀರೀಸ್ ಎಸ್ ಹಿಡಿದ ಅಣ್ಣ. "ಅಣ್ಣ, ನಿನ್ನ ಹೆಸರು ಹಾಕಿದ್ರೆ ಯಾರೂ ಬರ್ತಿಲ್ಲ." "ಎಕ್ಸ್‌ಬಾಕ್ಸ್ ಹೆಸರು ಹಾಕಿದ್ಯಾ? ಅದಲ್ಲ ಮಾರಾಯ, ಇಎ ಐಡಿ ಹಾಕು." ಹೆಸರು ಸಿಕ್ಕಿತು, ಗೆಳೆಯನಾಗಿ ಸೇರಿತು, ಆದರೂ ಆಟಕ್ಕೆ ಕರೆದರೆ ಹೋಗುತ್ತಿಲ್ಲ. ಇಬ್ಬರಲ್ಲೂ ಕ್ರಾಸ್‌ಪ್ಲೇ ಆನ್ ಇತ್ತು, ಇಬ್ಬರಿಗೂ ಚಂದಾ ಇತ್ತು. ಕೊನೆಗೆ ಸಿಕ್ಕ ಕಾರಣ ಇಷ್ಟು: ಪಿಎಸ್5ರಲ್ಲಿ ಇನ್‌ಸ್ಟಾಲ್ ಆಗಿದ್ದದ್ದು ಆಟದ ಪಿಎಸ್4 ಆವೃತ್ತಿ. ಪಿಎಸ್5 ಎರಡನ್ನೂ ಓಡಿಸುತ್ತದೆ, ಎರಡರ ಚಿತ್ರವೂ ಮುಖಪುಟದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಆದರೆ ಪಿಎಸ್4 ಆವೃತ್ತಿ ಹಾಕಿದರೆ ಸರ್ವರಿನ ಲೆಕ್ಕದಲ್ಲಿ ನೀವು ಪಿಎಸ್4ರವರೇ. ಆಟದ ಚಿತ್ರದ ಪಕ್ಕದ ಮೂರು ಚುಕ್ಕಿ ಒತ್ತಿ ಆವೃತ್ತಿ ನೋಡಬೇಕು, ಪಿಎಸ್5ರದನ್ನು ಬೇರೆಯಾಗಿ ಇಳಿಸಬೇಕು.

ಇಂಥ ಹೊತ್ತಿನಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕು ಅನ್ನುವುದು ಮುಖ್ಯ. ಮೊದಲು ತಲೆಮಾರು ಮತ್ತು ಆವೃತ್ತಿ. ಆಮೇಲೆ ಅಪ್‌ಡೇಟ್: ಪ್ರತಿ ಕನ್ಸೋಲ್ ಕಂಪನಿಯೂ ಅದನ್ನು ತಾನೇ ಪರೀಕ್ಷಿಸಿ ಬಿಡುವುದರಿಂದ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಬಹುದು, ಆಗ ಎರಡೂ ಕಡೆ ಒಂದೇ ಆಗುವವರೆಗೆ ಕಾಯುವುದೊಂದೇ ದಾರಿ. ಮೂರನೆಯದು ಆಟದ ಸೆಟ್ಟಿಂಗಿನಲ್ಲಿ ಕ್ರಾಸ್‌ಪ್ಲೇ ಆನ್ ಇದೆಯೇ ಎಂಬುದು. ನಾಲ್ಕನೆಯದು ಮಕ್ಕಳ ಖಾತೆಯ ನಿರ್ಬಂಧ. ಎಕ್ಸ್‌ಬಾಕ್ಸ್‌ನಲ್ಲಿ ಬೇರೆ ನೆಟ್‌ವರ್ಕಿನವರ ಜೊತೆ ಆಡಲು ಅನುಮತಿ ಎಂಬ ಪ್ರತ್ಯೇಕ ಆಯ್ಕೆ ಇದೆ. ಮಗುವಿನ ಖಾತೆಯಲ್ಲಿ ಅದು ಮುಚ್ಚಿದ್ದರೆ ಪೋಷಕರ ಖಾತೆಯಿಂದ ತೆರೆಯಬೇಕು, ಆಟದೊಳಗಿನ ಸೆಟ್ಟಿಂಗ್ ಎಷ್ಟು ತಿರುಚಿದರೂ ಫಲವಿಲ್ಲ. ಐದನೆಯದು ಚಂದಾ. ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್ ಆಡಲು ಪ್ಲೇಸ್ಟೇಷನ್‌ನಲ್ಲಿ ಪಿಎಸ್ ಪ್ಲಸ್, ಎಕ್ಸ್‌ಬಾಕ್ಸ್‌ನಲ್ಲಿ ಗೇಮ್ ಪಾಸ್ ಬೇಕು. ಪಿಸಿಗೆ ಬೇಡ. ಫೋರ್ಟ್‌ನೈಟ್, ರಾಕೆಟ್ ಲೀಗ್‌ನಂಥ ಉಚಿತ ಆಟಕ್ಕೆ ಎಲ್ಲೂ ಬೇಡ. ಇಬ್ಬರು ಆಡಬೇಕಾದರೆ ಚಂದಾ ಎರಡು ಮನೆಯಲ್ಲೂ ಬೇಕು ಅನ್ನುವುದನ್ನು ಬಜೆಟ್ ಹಾಕುವಾಗಲೇ ಎಣಿಸಿ.

ಮಾತಾಡುವ ದಾರಿಯೂ ಬೇರೆಯೇ. ಪ್ಲೇಸ್ಟೇಷನ್ ಪಾರ್ಟಿ ಎಂಬ ಮಾತಿನ ಗುಂಪಿಗೆ ಎಕ್ಸ್‌ಬಾಕ್ಸ್‌ನವರು ಬರಲಾರರು. ಆಟದೊಳಗಿನ ಧ್ವನಿ ಬಳಸಬೇಕು, ಇಲ್ಲವೇ ಎರಡೂ ಕನ್ಸೋಲಿಗೆ ಡಿಸ್ಕಾರ್ಡ್ ಎಂಬ ಮಾತಾಡುವ ಆ್ಯಪ್‌ನ ಖಾತೆ ಜೋಡಿಸಿಕೊಳ್ಳಬೇಕು.

ಎಲ್ಲ ಆಟಕ್ಕೂ ನಿಯಮ ಒಂದೇ ಅಲ್ಲ. ಫೋರ್ಟ್‌ನೈಟ್, ರಾಕೆಟ್ ಲೀಗ್, ಕಾಲ್ ಆಫ್ ಡ್ಯೂಟಿ ವಾರ್‌ಜೋನ್ ಕನ್ಸೋಲ್, ಪಿಸಿ ಭೇದವಿಲ್ಲದೆ ಬೆರೆಯುತ್ತವೆ. ಮೈನ್‌ಕ್ರಾಫ್ಟ್‌ನ ಬೆಡ್‌ರಾಕ್ ಆವೃತ್ತಿ ಮೊಬೈಲು, ಕನ್ಸೋಲು, ವಿಂಡೋಸ್ ಎಲ್ಲದರಲ್ಲೂ ಒಂದೇ. ಪಿಎಸ್4 ಆ ಗುಂಪಿಗೆ ಸೇರಿದ್ದು ಡಿಸೆಂಬರ್ 2019ರಲ್ಲಿ, ಅಲ್ಲಿ ಮೈಕ್ರೋಸಾಫ್ಟ್ ಖಾತೆಯೂ ಬೇಕು. ಜಾವಾ ಆವೃತ್ತಿಯವರು ಇವರ ಜೊತೆ ಸೇರಲಾರರು. ವ್ಯಾಲೊರಂಟ್‌ನಲ್ಲಿ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಒಟ್ಟಿಗೆ, ಪಿಸಿ ಬೇರೆ. ಮೌಸ್ ಹಿಡಿದವನಿಗೆ ಗುರಿಯ ವೇಗ, ಸ್ಟಿಕ್ ಹಿಡಿದವನಿಗೆ ಗುರಿಗೆ ಆಟವೇ ಕೊಡುವ ಸಹಾಯ, ಇವೆರಡನ್ನು ತೂಗಿ ಸಮ ಮಾಡುವುದು ಗುಂಡು ಹಾರಿಸುವ ಆಟಗಳಲ್ಲಿ ಬಲು ಕಷ್ಟ. ಆ ಪ್ರತ್ಯೇಕತೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಜಿಟಿಎ ಆನ್‌ಲೈನ್‌ನಲ್ಲಿ ಕ್ರಾಸ್‌ಪ್ಲೇ ಇಲ್ಲವೇ ಇಲ್ಲ. ಕುಟುಂಬದವರಿಗೆ ನಾನು ಮೊದಲು ಹೇಳುವುದು ಮಾರ್ಚ್ 2025ರಲ್ಲಿ ಬಂದ ಸ್ಪ್ಲಿಟ್ ಫಿಕ್ಷನ್. ಇಬ್ಬರೇ ಆಡುವ ಆಟ, ಒಬ್ಬರು ಕೊಂಡರೆ ಇನ್ನೊಬ್ಬರು ಉಚಿತ ಫ್ರೆಂಡ್ಸ್ ಪಾಸ್ ಇಳಿಸಿಕೊಂಡು ಬೇರೆ ಕನ್ಸೋಲಿನಿಂದಲೂ ಸೇರಬಹುದು. ಎರಡು ಮನೆಗೆ ಆಟದ ಖರ್ಚು ಒಂದೇ. ಅದೇ ಸ್ಟುಡಿಯೊದ ಹಿಂದಿನ ಆಟ ಇಟ್ ಟೇಕ್ಸ್ ಟೂನಲ್ಲಿ ಪಾಸ್ ಇದೆ, ಕ್ರಾಸ್‌ಪ್ಲೇ ಇಲ್ಲ. ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಕಪಾಟು ತುಂಬಿದ ಮೇಲೆ ಮನೆ ಬದಲಿಸುವುದು ಕಷ್ಟ

ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಮೇ 2023ರಲ್ಲಿ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡ ಮಾತೊಂದಿದೆ. ಸೋಲಬಾರದ ತಲೆಮಾರಿನಲ್ಲೇ ನಾವು ಸೋತೆವು, ಜನ ಡಿಜಿಟಲ್ ಆಟಗಳನ್ನು ಕೂಡಿಡತೊಡಗಿದ್ದು ಆಗಲೇ ಎಂಬ ಅರ್ಥದ ಮಾತು. ಒಳ್ಳೆಯ ಆಟ ಒಂದೆರಡು ತಂದ ಮಾತ್ರಕ್ಕೆ ಜನ ತಮ್ಮ ಪಿಎಸ್5 ಮಾರಿ ಬರುವುದಿಲ್ಲ ಎಂದೂ ಹೇಳಿದರು. ಎಕ್ಸ್‌ಕ್ಲೂಸಿವ್‌ನ ಬಲ ಎಷ್ಟು ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಪ್ಪತ್ತು ಡಿಜಿಟಲ್ ಆಟ ಕೊಂಡವರು ಮುಂದಿನ ಕನ್ಸೋಲನ್ನೂ ಅದೇ ಕಂಪನಿಯಿಂದ ಕೊಳ್ಳುತ್ತಾರೆ, ಆ ಆಟಗಳು ಅಲ್ಲಿ ಮಾತ್ರ ತೆರೆಯುವುದರಿಂದ.

ಇಲ್ಲಿ ಡಿಸ್ಕಿನ ಬೆಲೆ ತಿಳಿಯುತ್ತದೆ. ಒಂದೇ ಮನೆತನದ ನಾಲ್ಕೈದು ಮನೆಗಳಲ್ಲಿ ಪಿಎಸ್5 ಇದ್ದರೆ ಕಥೆಯ ಆಟಗಳ ಡಿಸ್ಕು ಒಂದು ಮನೆಯಿಂದ ಇನ್ನೊಂದಕ್ಕೆ ಸುತ್ತಬಹುದು, ಆಡಿ ಮುಗಿದ ಮೇಲೆ ಮೈಸೂರಿನಲ್ಲಿ ಮಾರಬಹುದು. ಅದಕ್ಕೆ ಡಿಸ್ಕ್ ಡ್ರೈವ್ ಇರುವ ಮಾದರಿಯೇ ಆಗಬೇಕು. ಪಿಎಸ್5 ಸ್ಲಿಮ್‌ನ ಡಿಜಿಟಲ್ ಮಾದರಿಗೆ ಡ್ರೈವನ್ನು ಆಮೇಲೆ ಕೂಡಿಸಬಹುದು, ಆದರೆ ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕು. ಸೀರೀಸ್ ಎಸ್‌ಗೆ ಡಿಸ್ಕ್ ಇಲ್ಲ, ಕೂಡಿಸಲೂ ಆಗದು. ಅದರ 512 ಜಿಬಿಯಲ್ಲಿ ಬಳಕೆಗೆ ಸಿಗುವುದು ಸುಮಾರು 364, ದೊಡ್ಡ ಆಟ ಮೂರು ಹಾಕಿದರೆ ಮುಗಿಯಿತು. ಅಗ್ಗದ ಆ ಪೆಟ್ಟಿಗೆಗೆ ಇನ್ನೊಂದು ಮಿತಿಯೂ ಇದೆ. ಬಾಲ್ಡರ್ಸ್ ಗೇಟ್ 3ರಲ್ಲಿ ಒಂದೇ ಪರದೆಯನ್ನು ಇಬ್ಬರಿಗೆ ಸೀಳಿ ತೋರಿಸುವುದು ಅದಕ್ಕೆ ಆಗದೆ, 2023ರಲ್ಲಿ ಎಕ್ಸ್‌ಬಾಕ್ಸ್ ಆವೃತ್ತಿಯೇ ತಡವಾಯಿತು. ಕೊನೆಗೆ ಸೀರೀಸ್ ಎಸ್‌ನಲ್ಲಿ ಆ ಸೌಲಭ್ಯ ಬಿಟ್ಟು ಬಿಡುಗಡೆ ಮಾಡಿದರು, ಅದು ಅಲ್ಲಿಗೆ ಬಂದದ್ದು ಏಪ್ರಿಲ್ 2025ರಲ್ಲಿ. ಒಬ್ಬರೇ ಕೂತು ಕಥೆಯ ಆಟ ಆಡುವವರಿಗೆ ಎಕ್ಸ್‌ಕ್ಲೂಸಿವ್ ಈಗಲೂ ಮುಖ್ಯವೇ, ಅದನ್ನು ಅಲ್ಲಗಳೆಯುವುದಿಲ್ಲ. ಅಂಥವರು ಡಿಸ್ಕ್ ಇರುವ ಪಿಎಸ್5 ಕಣ್ಣುಮುಚ್ಚಿ ಕೊಳ್ಳಬಹುದು.

ಮಳೆಗಾಲದ ಲೆಕ್ಕ

ಕಂಪನಿಗಳು ಬಾಗಿಲು ತೆರೆದರೂ ನಮ್ಮ ಮನೆಯ ಮೋಡೆಮ್ ಮುಚ್ಚಿರಬಹುದು. ಆಡುವಾಗ ಡೇಟಾ ಹೆಚ್ಚು ಬೇಡ, ಗಂಟೆಗೆ ಸಾಮಾನ್ಯವಾಗಿ ನೂರಿನ್ನೂರು ಎಂಬಿ ಒಳಗೆ ಮುಗಿಯುತ್ತದೆ. ಬೇಕಾದದ್ದು ಬೇಗ ಹೋಗಿ ಬರುವುದು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆಟದ ಸರ್ವರ್ ಮುಂಬೈನಲ್ಲಿದ್ದರೆ ಮಡಿಕೇರಿಯಿಂದ ನೇರ 800 ಕಿಲೋಮೀಟರ್, ಹೋಗಿ ಬರಲು 8 ಮಿಲಿಸೆಕೆಂಡ್. ಸಿಂಗಾಪುರಕ್ಕೆ 3,300ರ ಆಸುಪಾಸು, 33 ಮಿಲಿಸೆಕೆಂಡ್. ಇದು ಯಾರಿಂದಲೂ ತಗ್ಗಿಸಲಾಗದ ಕನಿಷ್ಠ. ಕೇಬಲ್ ಸುತ್ತಿ ಹೋಗುವುದರಿಂದ ನಿಜದ ಪಿಂಗ್, ಅಂದರೆ ಹೋಗಿ ಬರುವ ಹೊತ್ತು, ಇದರ ಎರಡು ಮೂರು ಪಟ್ಟು ಬರುತ್ತದೆ. ಆಟದ ಸೆಟ್ಟಿಂಗಿನಲ್ಲಿ ಸರ್ವರ್ ಆರಿಸಲು ಬಿಟ್ಟರೆ ಪಿಂಗ್ ನೋಡಿ ಆರಿಸಿ. ವೈಫೈ ಬೇಡ. ದಪ್ಪ ಗೋಡೆಯ ಹಳೆಯ ಮನೆಗಳಲ್ಲಂತೂ ಲ್ಯಾನ್ ವೈರ್ ಎಳೆದುಬಿಡುವುದೇ ಸರಿ.

ಒಬ್ಬರ ಕನ್ಸೋಲಿನಲ್ಲಿ ಲೋಕ ತೆರೆದು ಇನ್ನೊಬ್ಬರನ್ನು ಕರೆಯುವ ಮೈನ್‌ಕ್ರಾಫ್ಟ್‌ನಂಥ ಆಟದಲ್ಲಿ ನ್ಯಾಟ್, ಅಂದರೆ ಹಲವು ಯಂತ್ರಗಳು ಒಂದೇ ಹೊರಗಿನ ವಿಳಾಸ ಹಂಚಿಕೊಳ್ಳುವಂತೆ ರೂಟರ್ ಮಾಡುವ ಏರ್ಪಾಡು, ತೊಂದರೆ ಕೊಡುತ್ತದೆ. ಪಿಎಸ್5ರ ನೆಟ್‌ವರ್ಕ್ ಪರೀಕ್ಷೆಯಲ್ಲಿ ಟೈಪ್ 3, ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರಿಕ್ಟ್ ಎಂದು ಬಂದರೆ ಮೊದಲು ಮನೆಯಲ್ಲಿ ಎರಡು ರೂಟರ್ ಇದೆಯೇ ನೋಡಿ. ಇದ್ದರೆ ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆಮೇಲೆ ರೂಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ನಿಮ್ಮ ಹಾಗೆ ನೂರಾರು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಂಡಿವೆ ಎಂದು ಅರ್ಥ. ಅಲ್ಲಿ ಪೋರ್ಟ್ ತೆರೆದು ಉಪಯೋಗವಿಲ್ಲ, ಸೇವೆ ಕೊಡುವವರ ಹತ್ತಿರ ಸ್ವಂತ ಪಬ್ಲಿಕ್ ಐಪಿ ಕೇಳಬೇಕು.

ಇಳಿಸಿಕೊಳ್ಳುವುದು ಇನ್ನೊಂದು ಪಾಡು. 100 ಜಿಬಿ ಆಟ 40 ಎಂಬಿಪಿಎಸ್‌ನಲ್ಲಿ ಐದೂವರೆ ಗಂಟೆ, 10ರಲ್ಲಿ ಇಪ್ಪತ್ತೆರಡು ಗಂಟೆ. ಜುಲೈನಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ. ಬೆಂಗಳೂರಿನಲ್ಲಿರುವ ಅಕ್ಕನ ಹತ್ತಿರ ಎಕ್ಸ್‌ಬಾಕ್ಸ್ ಇದ್ದರೆ ಯುಎಸ್‌ಬಿ ಡ್ರೈವಿಗೆ ಆಟ ಕಾಪಿ ಮಾಡಿ ತರಿಸಬಹುದು, ಇಲ್ಲಿ ನಿಮ್ಮ ಖಾತೆಯಲ್ಲಿ ಅದರ ಹಕ್ಕಿದ್ದರೆ ಸಾಕು. ಪಿಸಿಯಲ್ಲಿ ಸ್ಟೀಮ್ ಒಂದೇ ಮನೆಯ ಎರಡು ಕಂಪ್ಯೂಟರ್ ನಡುವೆ ಲ್ಯಾನ್ ಮೂಲಕ ಕಾಪಿ ಮಾಡುತ್ತದೆ. ಕರೆಂಟಿನ ಲೆಕ್ಕವನ್ನೂ ಸೇರಿಸಿ: ಆಡುವಾಗ ಪಿಎಸ್5 ಸುಮಾರು 200 ವಾಟ್, ಸೀರೀಸ್ ಎಸ್ 80ರ ಒಳಗೆ. ಟಿವಿಗೆ 80, ಮೋಡೆಮ್‌ಗೆ 15. 150 ಎಎಚ್ ಹೊಸ ಬ್ಯಾಟರಿಯಲ್ಲಿ ಪಿಎಸ್5 ನಾಲ್ಕು ಗಂಟೆ ನಡೆದೀತು. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಅದರ ಹಿಂಬದಿಯ ಗುಂಡಿ ಯುಪಿಎಸ್ ಮೋಡಿನಲ್ಲಿರಬೇಕು. ಇಲ್ಲದಿದ್ದರೆ ಕರೆಂಟ್ ಬದಲಾಗುವ ಕ್ಷಣಕ್ಕೇ ಕನ್ಸೋಲ್ ಆರುತ್ತದೆ. ಕನ್ಸೋಲನ್ನು ಪೂರ್ತಿ ಆರಿಸದೆ ರೆಸ್ಟ್ ಮೋಡಿನಲ್ಲಿ ಬಿಟ್ಟು ಮಲಗುವ ಅಭ್ಯಾಸ ಮಳೆಗಾಲಕ್ಕೆ ಬೇಡ. ಗುಡುಗು ಕೇಳಿದ ಕೂಡಲೇ ಪ್ಲಗ್ ಜೊತೆ ಲ್ಯಾನ್ ವೈರನ್ನೂ ಕೀಳಿ. ಫೈಬರ್ ಗಾಜಿನದ್ದಾದರೂ ಮೋಡೆಮ್‌ನಿಂದ ಕನ್ಸೋಲಿಗೆ ಬರುವ ವೈರ್ ತಾಮ್ರದ್ದು.

ಖಾತೆ ಯಾರ ಹೆಸರಲ್ಲಿ

ಕನ್ಸೋಲ್ ಕೊಂಡ ದಿನ ಎಲ್ಲರ ಕಣ್ಣು ಆಟದ ಮೇಲಿರುತ್ತದೆ, ಖಾತೆಯನ್ನು ಅಂಗಡಿಯಲ್ಲೇ ಯಾರೋ ಅವಸರದಲ್ಲಿ ಮಾಡಿಕೊಡುತ್ತಾರೆ. ಇದಕ್ಕೆ ಒಪ್ಪಬೇಡಿ. ಮನೆಯ ದೊಡ್ಡವರೊಬ್ಬರ ಇಮೇಲಿನಲ್ಲಿ ಮುಖ್ಯ ಖಾತೆ ತೆರೆದು, ಮಗುವಿನದನ್ನು ಅದರ ಕೆಳಗೆ ಸೇರಿಸಿ. ಹುಟ್ಟಿದ ದಿನಾಂಕ ನಿಜವಾದದ್ದನ್ನೇ ಹಾಕಿ. ಪ್ಲೇಸ್ಟೇಷನ್ ಖಾತೆಯ ದೇಶವನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಹಾಗಾಗಿ ಭಾರತ ಎಂದೇ ಇರಲಿ, ಇಲ್ಲದಿದ್ದರೆ ಇಲ್ಲಿಯ ಕಾರ್ಡು ನಡೆಯದು. ಎಪಿಕ್, ಇಎ, ಮೈಕ್ರೋಸಾಫ್ಟ್ ಖಾತೆಗಳಿಗೂ ಅದೇ ಇಮೇಲ್ ಕೊಡಿ. ಕ್ರಾಸ್‌ಪ್ಲೇ ನಡೆಯುವುದು ಆ ಖಾತೆಗಳ ಮೂಲಕ, ಕನ್ಸೋಲ್ ಹಾಳಾದರೂ ಗೆದ್ದದ್ದು ಉಳಿಯುವುದು ಅಲ್ಲೇ. ಪಿಎಸ್5ರಲ್ಲಿ ಕನ್ಸೋಲ್ ಶೇರಿಂಗ್, ಎಕ್ಸ್‌ಬಾಕ್ಸ್‌ನಲ್ಲಿ ಹೋಮ್ ಎಕ್ಸ್‌ಬಾಕ್ಸ್ ಎಂಬ ಆಯ್ಕೆಯನ್ನು ಮನೆಯ ಪೆಟ್ಟಿಗೆಗೆ ಆನ್ ಮಾಡಿಟ್ಟರೆ, ಒಬ್ಬರು ಕೊಂಡ ಆಟವನ್ನು ಆ ಪೆಟ್ಟಿಗೆಯಲ್ಲಿ ಮನೆಯವರೆಲ್ಲ ತಮ್ಮ ತಮ್ಮ ಖಾತೆಯಿಂದ ಆಡಬಹುದು. ಇಂಟರ್ನೆಟ್ ಹೋದಾಗಲೂ ಅವು ತೆರೆಯುತ್ತವೆ. ಎರಡು ಹಂತದ ಭದ್ರತೆ ಆನ್ ಮಾಡಿದಾಗ ಸಿಗುವ ಬ್ಯಾಕಪ್ ಕೋಡುಗಳನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಕಾಗದದ ಮೇಲೆ ಬರೆದು, ಬಿಲ್ಲು ಮತ್ತು ವಾರಂಟಿ ಚೀಟಿಯ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಡಿ.